ಗೇಟಿನ ಹೊರಗೆ ಸ್ವಲ್ಪ, ಗೇಟಿನ ಒಳಗೆ ವಿಪರೀತ

ಇಂದು ಮಾಡಿದ ಕೆಲಸಗಳು: ಮಡಕೆ ಕಾಳು ಆರಿಸಿ ಮೊಳಕೆಗೆ ಕಟ್ಟಿದೆ. ಒಲೆಯ ಬರ್ನರುಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ನಮ್ಮವರ ಅಂಗಿಗೆ ಗುಂಡಿ ಹಚ್ಚಿದೆ. ಪೀರನವಾಡಿ ನಾಕಾದ ಅಂಗಡಿಯಲ್ಲಿ ಮಿಕ್ಸರಿನ ಜಾರು ರಿಪೇರಿಗೆ ಕೊಟ್ಟೆ. ‘ನಾಳೆ’ ಎಂದ, ಅಂದರೆ ಮುಂದಿನ ವಾರ. ಆಮೇಲೆ ಖಾನಾಪುರದ ಬಸ್ಸು ಹತ್ತಿ ನಮ್ಮ ಕಾರ್ಖಾನೆಯ ಯಲ್ಲಪ್ಪನ ನಿವೃತ್ತಿಯ ಊಟ ಉಂಡು, ಅವನಿಗೆ ಕಂಪನಿ ಕೊಟ್ಟ ಮಾನಪತ್ರ ಓದಿ ಹೇಳಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಈಗ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಬರೆಯಲು ಕಾರಣ ನನ್ನ ಅಣ್ಣನ ಮಗಳು ವಿದ್ಯಾ. ಉದ್ಯಮಬಾಗದ ಒಂದು ಕಾರ್ಖಾನೆಯ ಕಚೇರಿಗೆ ಹೊಸದಾಗಿ ಸೇರಿದ್ದಾಳೆ. ನಾನು ಮಾಡುತ್ತಿದ್ದ ಕೆಲಸವೇ ಅವಳಿಗೂ ಬಂದಿದೆ: ಗಿರಾಕಿಗಳಿಗೆ, ಸರಕಾರಕ್ಕೆ, ಕೆಲಸಗಾರರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವುದು. “ಅತ್ತಿ, ನೀ ಇಷ್ಟ ವರ್ಷ ಏನ ಮಾಡಿದಿ ಅನ್ನೂದು ಬರದ ಕೊಡು, ನನಗ ಉಪಯೋಗ ಆಗತೈತಿ” ಎಂದಳು. ಉಪಯೋಗ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಪ್ರಮೋಶನ್ನಿನ ವಿಷಯ ಬಿಡುತ್ತೇನೆ. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ; ಕುರ್ಚಿಗೆ ಕೈ ಬಂದವು, ಅಷ್ಟೇ.

ನಾನಿದ್ದದ್ದು ಮಚ್ಛೆಯ ಒಂದು ಫೌಂಡ್ರಿಯಲ್ಲಿ. ಕಬ್ಬಿಣ ಕರಗಿಸಿ, ಮರಳಿನ ಅಚ್ಚಿಗೆ ಹೊಯ್ದು, ನೀರಿನ ಪಂಪುಗಳ ಭಾಗ ಮಾಡುವ ಕಾರ್ಖಾನೆ. ಒಳಗೆ ಭಟ್ಟಿ, ಹೊರಗೆ ಕಚೇರಿ, ನಡುವೆ ಒಂದು ಗೇಟು. ಸೇರಿದ ಹೊಸದರಲ್ಲಿ ನನ್ನ ಮೇಲಿದ್ದವರು ಜೋಶಿ ಸಾಹೇಬರು. ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಕೆಂಪು ಪೆನ್ಸಿಲು. ನನ್ನ ಮೊದಲ ಪತ್ರದಲ್ಲಿ ಮಳೆಯಿಂದ ಲಾರಿ ತಡವಾಗಿದ್ದನ್ನು ಹೇಳುವಾಗ ನಾನು ‘ಸ್ಟ್ರಾಂಗ್ ರೇನ್’ ಎಂದು ಬರೆದಿದ್ದೆ. ಅವರು ಕರೆದು ಕೂಡಿಸಿಕೊಂಡರು.

“ಶಾಂತಾಬಾಯಿ, ಇಂಗ್ಲಿಷರ ಮಳಿ ಹೆವಿ, ಅಂದ್ರ ಜಡ ಇರ್ತದ, ಗಾಳಿ ಗಟ್ಟಿ ಇರ್ತದ, ಚಳಿ ಕಹಿ ಇರ್ತದ. ಅದಲಬದಲ ಮಾಡಬ್ಯಾಡ್ರಿ.”

“ಯಾಕ್ರಿ ಸಾಹೇಬರ?”

“ಯಾಕಂತ ಕೇಳಿದ್ರ ನನಗೂ ಗೊತ್ತಿಲ್ಲ. ಅವರ ಮನಿಯೊಳಗ ಹಂಗದ. ಮಂದಿ ಮನಿ ಜೋಡಿಗೆ ನಾವು ಯಾಕ ಕೈ ಹಚ್ಚಬೇಕು?”

ಹೀಗೆ ನಾನು ಜೋಡಿಗಳನ್ನು ಕಲಿತೆ. ಕನ್ನಡದಲ್ಲಿ ನಮಗೆ ‘ಭಾಳ’ ಒಂದಿದ್ದರೆ ಸಾಕು. ಮಳಿ ಭಾಳ, ಚಳಿ ಭಾಳ, ಸಿಟ್ಟು ಭಾಳ, ಬಿಸಿಲೂ ಭಾಳ. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಗೊತ್ತಾದ ಸಂಗಾತಿ ಬೇಕು. ವಿಷಾದ ‘ಡೀಪ್’ ಆಗಿರಬೇಕು, ಸಂಭವ ‘ಹೈ’ ಆಗಿರಬೇಕು, ವಿರೋಧ ‘ಸ್ಟಿಫ್’ ಆಗಿರಬೇಕು. ಸುಧಾರಣೆ ಯಾವಾಗಲೂ ‘ಕನ್ಸಿಡರಬಲ್’. ನಾನಿದ್ದಷ್ಟು ವರ್ಷ ಕಾರ್ಖಾನೆ ಪ್ರತಿ ವರ್ಷವೂ ಕನ್ಸಿಡರಬಲ್ ಆಗಿ ಸುಧಾರಿಸಿತು, ಮೂತ್ರಿಮನೆಯ ಬಾಗಿಲು ಮಾತ್ರ ಒಂದೇ ಕೀಲಿನ ಮೇಲೆ ತೂಗಿತು.

ಜೋಡಿ ಕಲಿಯುವುದು ಸುಲಭ. ಕೆಲಸದ ನಿಜವಾದ ಪಾಠ ಬೇರೆ ಇತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಿನಗೆ ಹೇಳಿಬಿಡುತ್ತೇನೆ, ವಿದ್ಯಾ. ಎಷ್ಟು, ಏಸು, ಯಾವ ಮಟ್ಟಿಗೆ ಎಂದು ಹೇಳುವ ಶಬ್ದಗಳು ವಸ್ತುವನ್ನು ಅಳೆಯುವುದಿಲ್ಲ. ಪತ್ರ ಯಾರಿಗೆ ಹೋಗುತ್ತದೆ ಎಂಬುದನ್ನು ಅಳೆಯುತ್ತವೆ. ಗೇಟಿನ ಹೊರಗೆ ಹೋಗುವ ಪತ್ರದಲ್ಲಿ ನಮ್ಮ ತಪ್ಪು ಯಾವಾಗಲೂ ‘ಸ್ಲೈಟ್’. ಗೇಟಿನ ಒಳಗೆ ಹೋಗುವ ಪತ್ರದಲ್ಲಿ ಕೆಲಸಗಾರರ ತಪ್ಪು ಯಾವಾಗಲೂ ‘ಗ್ರಾಸ್’, ಅಂದರೆ ಘೋರ. ನಮ್ಮ ಲಾರಿ ವಾರಗಟ್ಟಲೆ ತಡವಾದರೆ ಅದು ‘ಸ್ಲೈಟ್ ಡಿಲೇ’. ಖಾನಾಪುರದ ಬಸ್ಸು ಕೆಟ್ಟು ನಿಂತು ಒಬ್ಬ ಕೆಲಸಗಾರ ಕಾರ್ಖಾನೆಯ ಭೋಂಗಾ ಕೂಗಿದ ಮೇಲೆ ಬಂದರೆ ‘ಇನಾರ್ಡಿನೇಟ್ ಡಿಲೇ’, ಅಂದರೆ ವಿಪರೀತ ವಿಳಂಬ. ಎರಡನೆಯ ಸಲ ಬಸ್ಸು ಕೆಟ್ಟರೆ ಅವನು ‘ಹ್ಯಾಬಿಚುವಲಿ’ ತಡ ಮಾಡುವವನು. ಬಸ್ಸಿಗೆ ಮಾತ್ರ ಯಾವ ಚಟವೂ ಇಲ್ಲ.

ಒಮ್ಮೆ ಕ್ಯಾಂಟೀನಿನ ಸಾರಿನಲ್ಲಿ ಜಿರಲೆ ಸಿಕ್ಕಿತು. ಕೆಲಸಗಾರರು ಅದನ್ನು ಬಟ್ಟಲ ಸಮೇತ ತಂದು ಕಚೇರಿಯ ಮೇಜಿನ ಮೇಲೆ ಇಟ್ಟರು. ಕ್ಯಾಂಟೀನಿನ ಸ್ವಚ್ಛತೆ ‘ಬೈ ಅಂಡ್ ಲಾರ್ಜ್’ ತೃಪ್ತಿಕರವಾಗಿದೆ, ದೂರು ‘ಟು ಎ ವೆರಿ ಲಿಮಿಟೆಡ್ ಎಕ್ಸ್‌ಟೆಂಟ್’ ಸತ್ಯ ಎಂದು ಉತ್ತರ ಹೋಯಿತು. ಅತಿ ಸೀಮಿತ ಪ್ರಮಾಣದ ಆ ಸತ್ಯ ನಾನು ಟೈಪು ಮಾಡುತ್ತಿದ್ದಾಗ ಬಟ್ಟಲಿನಲ್ಲಿ ಮೀಸೆ ಆಡಿಸುತ್ತಿತ್ತು.

ಜೋಶಿ ಸಾಹೇಬರಿಗೆ ಈ ಆಟ ಗೊತ್ತಿತ್ತು, ಆದರೆ ನಾಚಿಕೆಯೂ ಇತ್ತು. ‘ಗ್ರಾಸ್’ ಎಂದು ಬರೆಯಿಸುವಾಗ ಕಿಟಕಿಯ ಕಡೆ ನೋಡುತ್ತಿದ್ದರು. ಅವರು ಹೋದ ಮೇಲೆ ಬಂದವರು ಪ್ರಸಾದ ಸಾಹೇಬರು. ಚಿಕ್ಕ ವಯಸ್ಸು, ಗರಿಗರಿ ಅಂಗಿ, ಮಾಲೀಕರ ಕಡೆಯ ಸಂಬಂಧ. ಇವರು ಕಿಟಕಿಯ ಕಡೆ ನೋಡುತ್ತಿರಲಿಲ್ಲ. ಅವರ ಕಾಲಕ್ಕೆ ಟೈಪರೈಟರು ಹೋಗಿ ಕಂಪ್ಯೂಟರು ಬಂದಿತ್ತು. ಹಳೆಯ ಪತ್ರದ ಹೆಸರು ಬದಲಿಸಿದರೆ ಹೊಸ ಪತ್ರ ತಯಾರು ಎಂಬುದನ್ನು ಅವರು ಬಂದ ವಾರದಲ್ಲೇ ಕಂಡುಹಿಡಿದರು. “ಇನ್ನ ಮ್ಯಾಲಿಂದ ಮುಖ್ಯ ಪತ್ರ ನಾನ ಮಾಡ್ತೀನಿ” ಎಂದರು.

ಕೊಲ್ಹಾಪುರದ ಒಬ್ಬ ದೊಡ್ಡ ಗಿರಾಕಿಯ ತಂದೆ ತೀರಿಕೊಂಡರು. ಪ್ರಸಾದ ಸಾಹೇಬರು ‘ಡೀಪ್ಲಿ ರಿಗ್ರೆಟ್’ ಇರುವ ಹಳೆಯ ಪತ್ರ ಹುಡುಕಿ, ಹೆಸರು ಬದಲಿಸಿ ಕಳಿಸಿದರು. ಅದು ತಡವಾದ ಮಾಲಿಗೆ ಬರೆದ ಪತ್ರ. ‘ತಮ್ಮ ತಂದೆಯವರ ನಿಧನಕ್ಕೆ ಆಳವಾಗಿ ವಿಷಾದಿಸುತ್ತೇವೆ’ ಎಂಬುದರ ಕೆಳಗಿನ ಸಾಲು ಹಾಗೆಯೇ ಉಳಿದಿತ್ತು: ‘ಇಂಥದ್ದು ಮತ್ತೊಮ್ಮೆ ಆಗದಂತೆ ಅತ್ಯಂತ ಕಟ್ಟುನಿಟ್ಟಿನ ಕ್ರಮ ಕೈಗೊಳ್ಳಲಾಗಿದೆ.’ ಆ ಗಿರಾಕಿ ಫೋನು ಮಾಡಿ, ನಮ್ಮ ತಾಯಿ ಇನ್ನೂ ಇದ್ದಾರೆ, ದಯವಿಟ್ಟು ಕ್ರಮ ಮುಂದುವರಿಸಿ ಎಂದರಂತೆ. ಮರುದಿನದಿಂದ ಮುಖ್ಯ ಪತ್ರಗಳು ಮತ್ತೆ ನನ್ನ ಮೇಜಿಗೆ ಬಂದವು.

ಈಗ ಯಲ್ಲಪ್ಪನ ವಿಷಯಕ್ಕೆ ಬರುತ್ತೇನೆ.

ಯಲ್ಲಪ್ಪ ಮೋಲ್ಡರು, ಅಂದರೆ ಮರಳಿನಲ್ಲಿ ಅಚ್ಚು ಮಾಡುವವನು. ಖಾನಾಪುರದಿಂದ ಓಡಾಡುತ್ತಿದ್ದ. ಮಗಳು ಆಗ ಇನ್ನೂ ಶಾಲೆಗೆ ಹೋಗುತ್ತಿದ್ದಳು, ಮನೆಯಲ್ಲಿ ದುಡಿಯುವವನು ಇವನೊಬ್ಬನೇ. ಮಾತು ಕಡಿಮೆ, ಬಾಯಲ್ಲಿ ಎಲೆಯಡಿಕೆ ಇದ್ದರೆ ಅದೂ ಇಲ್ಲ.

ಆ ವರ್ಷ ಮಳೆಗಾಲದಲ್ಲಿ ಮರಳು ಒಣಗಿಸುವ ಯಂತ್ರ ಕೆಟ್ಟಿತು. ಹಸಿ ಮರಳಿನ ಅಚ್ಚಿಗೆ ಕಾದ ಕಬ್ಬಿಣ ಹೊಯ್ದರೆ ಉಗಿ ಎದ್ದು ಎರಕದೊಳಗೆ ತೂತು ಬೀಳುತ್ತದೆ. ಇದು ಫೌಂಡ್ರಿಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು, ಗೇಟಿನ ಕಾವಲುಗಾರನಿಗೂ ಗೊತ್ತಿತ್ತು, ಪ್ರಸಾದ ಸಾಹೇಬರಿಗಂತೂ ಗೊತ್ತಿತ್ತು. ಯಲ್ಲಪ್ಪ ಕಚೇರಿಯ ಬಾಗಿಲಿಗೆ ಬಂದು ನಿಂತದ್ದನ್ನು ನಾನೇ ನೋಡಿದ್ದೇನೆ.

“ಸಾಹೇಬರ, ಮರಳ ಹಸಿ ಐತ್ರಿ.”

“ಎಷ್ಟ ಹಸಿ ಐತಿ?” ಪ್ರಸಾದ ಸಾಹೇಬರು ತಲೆ ಎತ್ತಲಿಲ್ಲ.

“ಹಸಿ ಐತ್ರಿ.”

“ಪುಣೆಕ್ಕ ಹೋಗೂ ಲಾರಿ ಹೊರಗ ನಿಂತೈತಿ. ನಡಸ್ರಿ, ನಡಸ್ರಿ.”

ಯಲ್ಲಪ್ಪ ನಡೆಸಿದ. ಮಾಲು ಪುಣೆಗೆ ಹೋಯಿತು. ಅಲ್ಲಿ ಪಂಪಿನ ಕಂಪನಿಯವರು ನೀರು ತುಂಬಿಸಿ ನೋಡಿದರೆ ಕೆಲವು ಪಂಪಿನ ಕವಚಗಳು ನೀರು ಜಿನುಗಿ ಬೆವರಿದವು. ದೂರು ಬಂತು. ಮಾಲೀಕರು ಫೋನಿನಲ್ಲಿ ಕೇಳಿದ್ದು ಒಂದೇ ಮಾತು, “ಯಾರು?” ಯಂತ್ರ ರಿಪೇರಿಗೆ ಮಂಜೂರಿ ಕೇಳಿದ ಕಾಗದ ಯಾರ ಮೇಜಿನ ಮೇಲೆ ಕೂತಿದೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಪ್ರಸಾದ ಸಾಹೇಬರ ಚಹಾದ ಕಪ್ಪನ್ನು ಎತ್ತಿ ನೋಡಬೇಕಾಗುತ್ತಿತ್ತು. ಕಾಗದ ಅದರ ಕೆಳಗಿತ್ತು.

ಆ ದಿನ ಬೆಳಿಗ್ಗೆ ನನಗೆ ಒಂದು ಪತ್ರ ಹೇಳಿ ಬರೆಯಿಸಿದರು. ಯಲ್ಲಪ್ಪನಿಗೆ ನೋಟೀಸು: ‘ಗ್ರಾಸ್ ನೆಗ್ಲಿಜೆನ್ಸ್’, ‘ಸಿವಿಯರ್ ಡಿಫೆಕ್ಟ್’, ‘ಇಮೆನ್ಸ್ ಡ್ಯಾಮೇಜ್’. ಘೋರ ನಿರ್ಲಕ್ಷ್ಯ, ತೀವ್ರ ದೋಷ, ಅಪಾರ ಹಾನಿ. ಮಧ್ಯಾಹ್ನ ಊಟದ ಡಬ್ಬಿ ತೊಳೆದು ಬರುವಷ್ಟರಲ್ಲಿ ಇನ್ನೊಂದು. ಇದು ಪುಣೆಗೆ: ‘ಸ್ಲೈಟ್ ಪೊರಾಸಿಟಿ’, ಅಂದರೆ ಅಲ್ಪಸ್ವಲ್ಪ ರಂಧ್ರ, ಅದೂ ‘ನೆಗ್ಲಿಜಿಬಲ್’ ಸಂಖ್ಯೆಯ ತುಣುಕುಗಳಲ್ಲಿ, ಬಳಕೆಗೆ ‘ಪರ್ಫೆಕ್ಟ್ಲಿ’ ಯೋಗ್ಯ.

“ಸಾಹೇಬರ, ಇದು ಬೆಳಿಗ್ಗಿನ ಮಾಲೇ ಅಲ್ರಿ?” ಎಂದೆ.

“ಹೌದು. ಯಾಕ?”

“ಬೆಳಿಗ್ಗೆ ತೂತು ದೊಡ್ಡದಿತ್ರಿ.”

“ಹೊರಗಿಂದು ಬ್ಯಾರೆ, ಒಳಗಿಂದು ಬ್ಯಾರೆ, ಶಾಂತಾಬಾಯಿ. ಇಷ್ಟ ವರ್ಷ ಆದರೂ ಇದ ತಿಳೀಲಿಲ್ಲೇನ ನಿಮಗ?”

ತಿಳಿದಿತ್ತು. ಅದಕ್ಕೇ ಕೇಳಿದ್ದೆ.

ಸಂಜೆ ಯಲ್ಲಪ್ಪ ನೋಟೀಸನ್ನು ಮಡಚಿ ಹಿಡಿದುಕೊಂಡು ನನ್ನ ಮೇಜಿಗೆ ಬಂದ. ಅಂದಿನಿಂದ ಅವನನ್ನು ಭಟ್ಟಿಯ ಕಡೆ ಬಿಡುತ್ತಿರಲಿಲ್ಲ. ಚೌಕಶಿ, ಅಂದರೆ ವಿಚಾರಣೆ, ಮುಗಿಯುವವರೆಗೆ ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂಡಬೇಕಿತ್ತು.

“ಅಕ್ಕಾರ, ಇದರಾಗ ಏನ ಬರದೈತ್ರಿ?”

“ನಾನ ಟೈಪ್ ಮಾಡೀನಿ, ಯಲ್ಲಪ್ಪ.”

“ಅದಕ್ಕ ನಿಮಗ ಕೇಳಾಕ ಬಂದೀನ್ರಿ.”

“ಗ್ರಾಸ್ ನೆಗ್ಲಿಜೆನ್ಸ್ ಅಂತ ಐತಿ. ನಿನ್ನ ಬೇಜವಾಬ್ದಾರಿ ಭಾಳ ದೊಡ್ಡದು ಅಂತ.”

“ದೊಡ್ಡದು ಅಂದ್ರ ಎಷ್ಟ ದೊಡ್ಡದ್ರಿ?”

“ಕಾಯಮ್ ಮನಿಗೆ ಕಳಸೂವಷ್ಟು.”

ಅವನು ಸ್ವಲ್ಪ ಹೊತ್ತು ಕಾಗದದ ಮೇಲೆ ಬೆರಳಾಡಿಸಿದ. “ಸಣ್ಣದು ಅಂತ ಬರದಿದ್ರ ಏನಾಗ್ತಿತ್ರಿ?”

“ಒಂದು ವಾರ್ನಿಂಗು, ನಿನ್ನದೊಂದು ಸಹಿ. ಮರದಿನ ಕೆಲಸ.”

“ಮತ್ತ ಸಣ್ಣದು ಅಂತ ಬರೀಬೇಕಿಲ್ರಿ? ಅದಕ್ಕೂ ಇಷ್ಟ ಶಾಯಿ ಹತ್ತತೈತಿ.”

ಕಾರ್ಖಾನೆಯ ನಿಯಮವೇ ಹಾಗಿತ್ತು. ‘ಮೈನರ್’ ಎಂದರೆ ಎಚ್ಚರಿಕೆ, ‘ಗ್ರಾಸ್’ ಎಂದರೆ ಮನೆ. ನಡುವೆ ಇರುವುದು ಬರೆಯಿಸುವವರ ಆ ದಿನದ ಅವಸರ. ಅವನು ನಮಸ್ಕಾರ ಮಾಡಿ ಹೊರಗೆ ಹೋದ. ಮರುದಿನದಿಂದ ಅದೇ ಬಸ್ಸಿಗೆ ಬಂದು, ಡಬ್ಬಿ ಬಾಜು ಇಟ್ಟುಕೊಂಡು, ಸೈಕಲ್ಲುಗಳ ನಡುವೆ ಕೂಡುತ್ತಿದ್ದ. ಮನೆಯಲ್ಲಿ ಹೇಳಿರಲಿಲ್ಲ.

ಪುಣೆಯವರಿಂದ ಉತ್ತರ ಬಂತು. ದೋಷ ಅಲ್ಪವೆಂದು ಹೇಳಿದ್ದೀರಿ, ಸಂತೋಷ. ಆದರೆ ಅದರ ಬಗ್ಗೆ ಏನು ಕ್ರಮ ಕೈಗೊಂಡಿರಿ, ಪುರಾವೆ ಕಳಿಸಿ. ಈಗಿನ ಗಿರಾಕಿಗಳ ಪದ್ಧತಿಯೇ ಇದು. ‘ಕ್ರಮ ಕೈಗೊಂಡಿದ್ದೇವೆ’ ಎಂದರೆ ಸಾಲದು, ಕೈಗೊಂಡದ್ದರ ಕಾಗದ ಬೇಕು. ಯಂತ್ರ ರಿಪೇರಿ ಮಾಡಿಸಿದ್ದರೆ ಅದರ ಕಾಗದ ಕಳಿಸಬಹುದಿತ್ತು. ಮಂಜೂರಿ ಕೇಳಿದ ಕಾಗದವೇ ಇನ್ನೂ ಕಪ್ಪಿನ ಕೆಳಗೆ ಇತ್ತು. ಪ್ರಸಾದ ಸಾಹೇಬರು ಕುರ್ಚಿಯಲ್ಲಿ ಒಮ್ಮೆ ತಿರುಗಿದರು. ಅವರಿಗೆ ಏನಾದರೂ ಹೊಳೆದರೆ ಹೀಗೆ ತಿರುಗುತ್ತಿದ್ದರು.

“ಯಲ್ಲಪ್ಪನ ನೋಟೀಸ್ ಐತಲ್ಲ, ಅದನ್ನ ಜೋಡಿಸಿ ಕಳಸ್ರಿ.”

ನಾನು ಕೀಲಿಮಣೆಯಿಂದ ಕೈ ತೆಗೆದೆ. “ಅದನ್ನ ಪುಣೆಕ್ಕ ಕಳಸ್ಲೇನ್ರಿ?”

“ಹೌದು. ನಾವು ಎಷ್ಟ ಸ್ಟ್ರಿಕ್ಟ್ ಅದೀವಿ ಅನ್ನೂದು ಅವರಿಗೂ ತಿಳೀಲಿ.”

“ಅದರ ಸಂಗಡ ಹಿಂದಿನ ಪತ್ರದ ಪ್ರತಿನೂ ಹೋಗತೈತ್ರಿ. ಎರಡನ್ನೂ ಒಮ್ಮೆ ಬಾಜುಬಾಜು ಇಟ್ಟು ಓದಿ ನೋಡ್ರಿ ಸಾಹೇಬರ.”

“ಓದೂದೇನೈತಿ, ನಾನ ಹೇಳಿ ಬರಸಿದ್ದಲ್ಲ? ಕಳಸ್ರಿ.”

ಕಳಿಸಿದೆ. ವಿದ್ಯಾ, ಇದನ್ನೂ ನೆನಪಿಡು. ಒಮ್ಮೆ ಹೇಳಬೇಕು, ಬಾಯಿಬಿಟ್ಟು, ಮರ್ಯಾದೆಯಿಂದ ಹೇಳಬೇಕು. ಆಮೇಲೆ ಮೇಲಿನವರು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿಬಿಡಬೇಕು. ಅದಕ್ಕಿಂತ ದೊಡ್ಡ ಶಿಕ್ಷೆ ಅವರಿಗೆ ಬೇರೆ ಇಲ್ಲ.

ಪುಣೆಯಿಂದ ಪತ್ರ ಬರಲಿಲ್ಲ, ಮನುಷ್ಯನೇ ಬಂದ. ಶಿಂದೆ ಎಂದು ಹೆಸರು; ಮಾಲು ತಪಾಸಣೆ ಮಾಡುವವರು. ಹೆಗಲ ಚೀಲದಿಂದ ನಮ್ಮದೇ ಕಾರ್ಖಾನೆಯ ಒಂದು ಪಂಪಿನ ಕವಚ ತೆಗೆದು ಮೇಜಿನ ಮೇಲಿಟ್ಟರು. ಅದನ್ನು ಗರಗಸದಿಂದ ಎರಡು ಹೋಳು ಮಾಡಿದ್ದರು. ಒಳಗೆ ಹುದುಗು ಬಂದ ದೋಸೆಯ ಹಾಗೆ ತೂತುಗಳು. ಅದರ ಎಡಕ್ಕೆ ಒಂದು ಕಾಗದ, ಬಲಕ್ಕೆ ಒಂದು ಕಾಗದ ಇಟ್ಟರು. ಶಿಂದೆ ಮಾತಾಡಿದ್ದು ಮರಾಠಿಯಲ್ಲಿ. ನಮ್ಮ ಕಡೆ ಅದಕ್ಕೆ ದುಭಾಷಿ ಬೇಕಾಗುವುದಿಲ್ಲ, ಆದರೂ ಕನ್ನಡದಲ್ಲಿ ಬರೆಯುತ್ತೇನೆ.

“ಸಾಹೇಬರೇ, ಈ ಕಾಗದದಲ್ಲಿ ತೂತು ಸಣ್ಣದು. ಈ ಕಾಗದದಲ್ಲಿ ಭಯಂಕರ ದೊಡ್ಡದು. ತೂತು ಮಾತ್ರ ಇದೊಂದೇ. ನಾನು ಯಾವ ಕಾಗದ ನಂಬಲಿ?”

“ಅದು ನಮ್ಮ ಒಳಗಿನ ಭಾಷೆ” ಎಂದರು ಪ್ರಸಾದ ಸಾಹೇಬರು. “ಕೆಲಸಗಾರರಿಗೆ ಸ್ವಲ್ಪ ಬಿಗಿಯಾಗಿ ಹೇಳಬೇಕಾಗುತ್ತದೆ.”

“ಹೇಳಿ. ಆದರೆ ಹೇಳಿದ್ದನ್ನು ನನಗೂ ಕಳಿಸಿದ್ದೀರಲ್ಲ. ಇದು ತೀವ್ರ ದೋಷ ಎಂದರೆ ಈ ಮಳೆಗಾಲದಲ್ಲಿ ಬಂದ ನಿಮ್ಮ ಮಾಲಷ್ಟನ್ನೂ ನಾನು ವಾಪಸು ಕಳಿಸಬೇಕು. ಅಲ್ಪ ದೋಷ ಎಂದರೆ ತೂತು ಬಿದ್ದಷ್ಟನ್ನು ಮಾತ್ರ ಬದಲಿಸಿ ಕೊಡಿ, ಸಾಕು. ಆದರೆ ಅಲ್ಪ ದೋಷಕ್ಕೆ ಈ ಮನುಷ್ಯನನ್ನು ಮನೆಗೆ ಯಾಕೆ ಕಳಿಸುತ್ತೀರಿ? ಎರಡರಲ್ಲಿ ಒಂದು ಆರಿಸಿ. ನನಗೆ ಊಟದ ಹೊತ್ತಾಯಿತು.”

ಪ್ರಸಾದ ಸಾಹೇಬರು ಕವಚವನ್ನು ನೋಡಿದರು, ಎಡದ ಕಾಗದ ನೋಡಿದರು, ಬಲದ ಕಾಗದ ನೋಡಿದರು, ಕೊನೆಗೆ ಮೊದಲ ಸಲ ಕಿಟಕಿಯ ಕಡೆ ನೋಡಿದರು. ಕಿಟಕಿಯಿಂದ ಸೈಕಲ್ ಸ್ಟ್ಯಾಂಡು ಕಾಣುತ್ತದೆ. ಯಲ್ಲಪ್ಪ ಡಬ್ಬಿ ಬಿಚ್ಚುತ್ತಿದ್ದ.

“ಅಲ್ಪ” ಎಂದರು.

ಶಿಂದೆ ತಲೆಯಾಡಿಸಿ, ಹೋಳುಗಳನ್ನು ಅಲ್ಲಿಯೇ ಬಿಟ್ಟು, ಹೋಗುವಾಗ ಬಾಗಿಲಲ್ಲಿ ಒಂದು ಮಾತು ಸೇರಿಸಿದರು. ಮುಂದಿನ ಸಲ ಬಂದಾಗ ಮರಳಿನ ಯಂತ್ರ ನಡೆಯುವುದನ್ನು ನೋಡುತ್ತೇನೆ ಎಂದರು. ಅವರಿಗೂ ಗೊತ್ತಿತ್ತು ಎಂದಾಯಿತು.

“ಶಾಂತಾಬಾಯಿ, ಆ ಗ್ರಾಸ್ ತೆಗೀರಿ.”

“ಅದರ ಜಾಗಾಕ್ಕ ಏನ ಹಾಕ್ಲ್ರಿ?”

“ಏನರ ಸಣ್ಣದು ನೋಡ್ರಿ.”

“ತಪ್ಪ ಇಲ್ಲ ಅಂತನ ಬರದಬಿಡ್ಲೇನ್ರಿ?”

“ಹೆಂಗ ಆಗತೈತಿ? ನೋಟೀಸ್ ಕೊಟ್ಟಾಗೈತಿ. ಒಂದೀಟರ ಇರಬೇಕು.”

ಆ ಒಂದೀಟಿಗೆ ಇಂಗ್ಲಿಷಿನಲ್ಲಿ ಒಳ್ಳೆಯ ಜೋಡಿ ಇದೆ: ‘ಟು ಸಮ್ ಎಕ್ಸ್‌ಟೆಂಟ್’. ಸ್ವಲ್ಪ ಮಟ್ಟಿಗೆ. ಎಷ್ಟು ಎಂದು ಯಾರೂ ಕೇಳುವಂತಿಲ್ಲ, ಕೇಳಿದರೂ ಯಾರೂ ಹೇಳಬೇಕಿಲ್ಲ. ಯಲ್ಲಪ್ಪ ದೋಷಕ್ಕೆ ‘ಟು ಸಮ್ ಎಕ್ಸ್‌ಟೆಂಟ್’ ಹೊಣೆ ಎಂದು ಕಾಗದವಾಯಿತು. ನಾನು ಓದಿ ಹೇಳಿದ ಮೇಲೆ ಅವನು ಸಹಿ ಮಾಡಿದ. ಮರುದಿನ ಅಚ್ಚಿನ ಮುಂದೆ ಕೂತ. ಯಂತ್ರವೂ ರಿಪೇರಿಯಾಯಿತು, ಏಕೆಂದರೆ ಶಿಂದೆ ಹೇಳಿದ್ದರು; ಯಲ್ಲಪ್ಪ ಹೇಳಿದಾಗ ಅದು ಕೆಟ್ಟೇ ಇರಲಿಲ್ಲವೇನೋ.

ಈಗಿನ ವಿಷಯಕ್ಕೆ ಬಂದರೆ, ವಿದ್ಯಾಳಿಗೆ ಜೋಡಿ ಕಲಿಯುವ ಕಷ್ಟವೂ ಇಲ್ಲ. ಮೊಬೈಲಿಗೆ ಹೇಳಿದರೆ ಅದೇ ಬರೆದುಕೊಡುತ್ತದೆ. ಹೋದ ವಾರ ಒಂದು ತೋರಿಸಿದಳು. ಗಿರಾಕಿಗೆ ಬೋಲ್ಟು ಕಡಿಮೆ ಹೋದದ್ದಕ್ಕೆ ಅದು ‘ಆಳವಾಗಿ, ಪ್ರಾಮಾಣಿಕವಾಗಿ, ಹೃತ್ಪೂರ್ವಕವಾಗಿ’ ವಿಷಾದಿಸಿತ್ತು.

“ಚಲೋ ಬರದೈತಿಲ್ಲ, ಅತ್ತಿ?”

“ಭಾಳ ಚಲೋ ಬರದೈತಿ. ಅದಕ್ಕ ಬೋಲ್ಟ್ ಅಂದ್ರ ಏನಂತ ಗೊತ್ತೈತೇನು?”

“ಅದಕ್ಕ್ಯಾಕ ಬೇಕು?”

ಹುಡುಗಿ ಕೆಲಸ ಬೇಗ ಕಲಿಯುತ್ತಾಳೆ.

ಇವತ್ತು ಖಾನಾಪುರದಲ್ಲಿ ಯಲ್ಲಪ್ಪನ ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಕಂಪನಿಯಿಂದ ಒಂದು ಶಾಲು, ಗಾಜಿನ ಕಟ್ಟು ಹಾಕಿಸಿದ ಒಂದು ಮಾನಪತ್ರ ಬಂದಿತ್ತು. ಪ್ರಸಾದ ಸಾಹೇಬರು ಬಂದಿರಲಿಲ್ಲ, ಅವರ ಸಹಿ ಬಂದಿತ್ತು. ಸಾರು ಬಡಿಸುತ್ತಿದ್ದ ಮಗಳನ್ನು ಯಲ್ಲಪ್ಪ ಕರೆದು, “ಉಪ್ಪ ಟು ಸಮ್ ಎಕ್ಸ್‌ಟೆಂಟ್ ಕಡಿಮಿ ಐತಿ” ಎಂದ. ಪಂಕ್ತಿಯಲ್ಲಿ ಕೂತವರು ಯಾರೂ ನಗಲಿಲ್ಲ. ಆ ಮನೆಯಲ್ಲಿ ಅದು ಈಗ ದಿನಬಳಕೆಯ ಮಾತು. ಮೊಮ್ಮಗಳಿಗೆ ಜ್ವರ ಇಳಿದರೂ ಅಷ್ಟೇ ಮಟ್ಟಿಗೆ ಇಳಿಯುತ್ತದೆ.

ಊಟವಾದ ಮೇಲೆ ಮಾನಪತ್ರ ತಂದು ನನ್ನ ಕೈಗೆ ಕೊಟ್ಟ. ಓದಿದೆ: ‘ಎಕ್ಸೆಪ್ಶನಲಿ ಡೆಡಿಕೇಟೆಡ್’, ‘ಇಮೆನ್ಸ್’ ಸೇವೆ, ‘ಡೀಪ್’ ಕೃತಜ್ಞತೆ.

“ಏನಂತಾರ್ರಿ ಅಕ್ಕಾರ?”

“ನೀ ಭಾಳ ಚಲೋ ಮನಷಾ ಅಂತಾರ.”

“ಆವಾಗ ಏನಂದಿದ್ರ್ರಿ?”

“ಭಾಳ ಕೆಟ್ಟಾಂವ ಅಂದಿದ್ರು.”

“ಭಾಳ ಎರಡೂ ಕಡೆ ಐತೇನ್ರಿ?”

“ಐತಿ. ಇಮೆನ್ಸ್ ಅನ್ನೂದು ಆವಾಗೂ ಹಾಕಿದ್ರು, ಈಗೂ ಹಾಕ್ಯಾರ.”

ಯಲ್ಲಪ್ಪ ಎಲೆಗೆ ಸುಣ್ಣ ಹಚ್ಚಿದ, ಅಡಿಕೆ ಇಟ್ಟ, ಮಡಚಿದ. ಬಾಯಿಗೆ ಹಾಕಿಕೊಳ್ಳುವ ಮೊದಲು ಕೇಳಿದ:

“ನಾ ಮರಳ ಹಸಿ ಐತಿ ಅಂದಿದ್ದೆ. ಅದನ್ನ ಎಲ್ಲೆರ ಬರದಾರೇನ್ರಿ?”

ಕಟ್ಟಿನ ಗಾಜಿನೊಳಗೆ ಇನ್ನೊಮ್ಮೆ ನೋಡಿದೆ, ಇರುವುದಿಲ್ಲವೆಂದು ಗೊತ್ತಿದ್ದರೂ. ಆ ಮಾತನ್ನು ಅಷ್ಟು ವರ್ಷಗಳಲ್ಲಿ ಯಾವ ಪತ್ರದಲ್ಲೂ ಬರೆಯುವಂತೆ ನನಗೆ ಯಾರೂ ಹೇಳಿರಲಿಲ್ಲ.

“ಇಲ್ಲ, ಯಲ್ಲಪ್ಪ.”

“ಹೋಗ್ಲಿ ಬಿಡ್ರಿ” ಎಂದು ಎಲೆ ಬಾಯಿಗೆ ಹಾಕಿಕೊಂಡ. ಬಸ್ಸಿನವರೆಗೆ ಬಂದು ಸೀಟು ಹಿಡಿದುಕೊಟ್ಟ.

ಅದಕ್ಕೆ ಇಲ್ಲಿ ಬರೆಯುತ್ತೇನೆ. ಮರಳು ಹಸಿ ಇತ್ತು. ಯಲ್ಲಪ್ಪ ಹೇಳಿದ್ದ.

ರಾತ್ರಿ ಊಟಕ್ಕೆ ಬೆಳಿಗ್ಗಿನ ಎರಡು ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಯಲ್ಲಪ್ಪನ ಮಗಳು ಡಬ್ಬಿಗೆ ಹಾಕಿಕೊಟ್ಟ ಹುಗ್ಗಿ. ನಮ್ಮವರು ಹುಗ್ಗಿ ಸಿಹಿ ಹೆಚ್ಚಾಯಿತು ಎಂದು ಹೇಳುತ್ತಲೇ ಡಬ್ಬಿ ಖಾಲಿ ಮಾಡಿ, ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಮಲಗಿಬಿಟ್ಟಿದ್ದರು.